ನೀರು ಕುಡಿದರೂ ಬಾಯಿ ಒಣಗಿದರೆ

ನಮ್ಮ ಧಾರವಾಡದ ಕಡೆ ನೀರಡಿಕೆ ಅನ್ನುತ್ತೇವೆ, ಮೈಸೂರಿನ ಕಡೆಯವರು ಬಾಯಾರಿಕೆ ಅನ್ನುತ್ತಾರೆ. ಬಾಯಿ ಆರುವುದೇ ಬಾಯಾರಿಕೆ. ಆ ಪದದಲ್ಲೇ ಎರಡೂ ಬೆರೆತುಹೋಗಿರುವುದರಿಂದಲೋ ಏನೋ, ಬಾಯಿ ಒಣಗುತ್ತದೆ ಎಂದವರ ಮುಂದೆ ಎಲ್ಲರೂ ತಂಬಿಗೆ ನೀರು ಹಿಡಿಯುತ್ತಾರೆ. ಮೈಗೆ ನೀರು ಬೇಕಾದಾಗ ಆಗುವುದು ನೀರಡಿಕೆ. ಜೊಲ್ಲು ಊರದೆ ಬಾಯಿ ಒಣಗುವುದು ಬೇರೆಯೇ ತೊಂದರೆ. ಇದು ನನಗೆ ತಿಳಿಯುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು, ಎರಡು ಹಲ್ಲು ಹುಳುಕಾಗಿದ್ದವು. ನಿಮಗೆ ಅಷ್ಟು ತಡವಾಗಬಾರದೆಂದು ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಾರ್ಚ್‌ನಲ್ಲಿ ಎಡಪಕ್ಕೆಗೆ ಸರ್ಪಸುತ್ತು ಎದ್ದಿತ್ತು. ಗುಳ್ಳೆ ಒಣಗಿದರೂ ಉರಿ ಹೋಗಲಿಲ್ಲ. ಏಪ್ರಿಲ್ ಕೊನೆಗೆ ಬಾಯಿ ಒಣಗತೊಡಗಿತು. ಜೋಳದ ರೊಟ್ಟಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ನೀರಿಲ್ಲದೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಶೇಂಗಾ ಚಟ್ನಿಪುಡಿ ನಾಲಿಗೆಗೆ ಬೆಂಕಿಯಾಗುತ್ತಿತ್ತು. ಪಕ್ಕದ ಮನೆಯವರು "ಬಿಸಲ ಹಂಗೈತ್ರಿ ಅಕ್ಕೋರ, ನೀರ ಜಾಸ್ತಿ ಕುಡೀರಿ" ಅಂದರು. ಕುಡಿದೆ. ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಹೋಗುವುದಾಯಿತೇ ಹೊರತು ಬಾಯಿ ಹಸಿಯಾಗಲಿಲ್ಲ. ಶ್ರಾವಣ ಬಂತು, ಹೊರಗೆ ಜಿಟಿಜಿಟಿ ಮಳೆ, ಗೋಡೆಯೆಲ್ಲ ತೇವ. ನನ್ನ ನಾಲಿಗೆ ಮಾತ್ರ ಒಣಗಿಯೇ ಇತ್ತು. ಬಿಸಿಲಿನ ಮಾತು ಅಲ್ಲಿಗೆ ಮುಗಿಯಿತು.

ಆಗ ಒಂದು ಹಳೆಯ ನೋಟುಪುಸ್ತಕ ತೆಗೆದೆ. ನೀವೂ ಮೊದಲು ಇದನ್ನೇ ಮಾಡಿ. ಒಂದು ವಾರ ಪೂರ್ತಿ, ಎದ್ದ ಕೂಡಲೇ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ, ಬಾಯಿ ಎಷ್ಟು ಒಣಗಿದೆ ಎಂದು ಹತ್ತಕ್ಕೆ ಅಂಕ ಕೊಡಿ. ಪಕ್ಕದಲ್ಲಿ ಚಹಾ ಎಷ್ಟು ಸಲ, ಯಾವ ಗುಳಿಗೆ ಯಾವ ಹೊತ್ತಿಗೆ, ರಾತ್ರಿ ಮೂಗು ಕಟ್ಟಿತ್ತೇ, ಗೊರಕೆ ಹೊಡೆದಿರೇ (ಇದನ್ನು ಮನೆಯವರನ್ನೇ ಕೇಳಬೇಕು) ಎಂದು ಬರೆಯಿರಿ. ಇನ್ನೊಂದು ಪುಟದಲ್ಲಿ, ಒಣಗುವುದು ಶುರುವಾಗುವ ಎರಡು ತಿಂಗಳ ಹಿಂದಿನಿಂದ ಹೊಸದಾಗಿ ಏನೇನು ಬಂತು ಎಂದು ನೆನಪು ಮಾಡಿಕೊಳ್ಳಿ. ಹೊಸ ಗುಳಿಗೆ, ಹೆಚ್ಚಿಸಿದ ಪ್ರಮಾಣ, ಹಲ್ಲಿನ ಕಟ್ಟು, ಏನಿದ್ದರೂ ಸರಿ. ಔಷಧದ ಡಬ್ಬಿಯನ್ನು ಮೇಜಿನ ಮೇಲೆ ಸುರುವಿ, ಅಂಗಡಿಯಿಂದ ನೀವೇ ತಂದುಕೊಂಡಿದ್ದನ್ನೂ ಬಿಡದೆ, ಗುಳಿಗೆ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಬರೆದುಕೊಳ್ಳಿ.

ನನ್ನ ಪುಟದಲ್ಲಿ ಉತ್ತರ ಕಣ್ಣಿಗೆ ಬಿತ್ತು. ಸರ್ಪಸುತ್ತಿನ ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರು, ಏಪ್ರಿಲ್‌ನಲ್ಲಿ 10 ಮಿಲಿಗ್ರಾಂನಿಂದ 25ಕ್ಕೆ ಏರಿಸಿದ್ದರು. ಅದರ ಮೇಲೆ ಸೀನು ಬಂದಾಗಲೆಲ್ಲ ನಾನೇ ನೆಗಡಿ ಗುಳಿಗೆ ನುಂಗುತ್ತಿದ್ದೆ, ಅದರಲ್ಲಿ ಕ್ಲೋರ್‌ಫೆನಿರಮಿನ್ ಇತ್ತು. ಜೊಲ್ಲಿನ ಗ್ರಂಥಿಗಳಿಗೆ "ಊರು" ಎಂಬ ಅಪ್ಪಣೆ ನರದಿಂದ ಬರಬೇಕು. ಅದನ್ನು ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಈ ಎರಡೂ ಔಷಧಗಳು ಆ ಅಪ್ಪಣೆಯನ್ನೇ ದಾರಿಯಲ್ಲಿ ತಡೆಯುತ್ತವೆ. ಹಾಗಿರುವಾಗ ಕೊಡಗಟ್ಟಲೆ ನೀರು ಕುಡಿದರೂ ಗ್ರಂಥಿಗೆ ಸುದ್ದಿಯೇ ಮುಟ್ಟುವುದಿಲ್ಲ. ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಇವುಗಳ ಗುಣವೂ ಇದೇ. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಗುಳಿಗೆಗಳಿಂದಲೂ ಕೆಲವರಿಗೆ ಬಾಯಿ ಒಣಗುತ್ತದೆ. ಒಂದಕ್ಕಿಂತ ಹೆಚ್ಚು ಸೇರಿದರೆ ತೊಂದರೆ ಕೂಡುತ್ತಾ ಹೋಗುತ್ತದೆ.

ಕಾರಣ ಸಿಕ್ಕಿತೆಂದು ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಅಮಿಟ್ರಿಪ್ಟಿಲಿನ್ ಒಮ್ಮೆಲೇ ಬಿಟ್ಟರೆ ವಾಕರಿಕೆ, ತಲೆನೋವು, ನಿದ್ದೆಗೇಡು ಬರಬಹುದು. ನಾನು ನೋಟುಪುಸ್ತಕವನ್ನೇ ವೈದ್ಯರ ಮುಂದಿಟ್ಟೆ. ಅವರು ಎರಡು ಪುಟ ತಿರುವಿ ಓದಿ, ಉರಿ ಈಗ ಎಷ್ಟಿದೆ ಎಂದು ಕೇಳಿ, ಮತ್ತೆ 10ಕ್ಕೆ ಇಳಿಸಿದರು. ಮುಂದೆ ಒಂದೂವರೆ ತಿಂಗಳಲ್ಲಿ ಹಂತಹಂತವಾಗಿ ಬಿಡಿಸಿದರು. ನೆಗಡಿ ಗುಳಿಗೆ ಅಂದೇ ಬಂದ್. "ಬಾಯಿ ಒಣಗತದ್ರಿ" ಎಂದಷ್ಟೇ ಹೇಳಿ ಬಂದಿದ್ದ ಹಿಂದಿನ ಎರಡು ಭೇಟಿಗಳಲ್ಲಿ ಆಗದ ಕೆಲಸ ಬರೆದು ಒಯ್ದಾಗ ಹತ್ತು ನಿಮಿಷದಲ್ಲಿ ಆಯಿತು.

ಜೊಲ್ಲು ನಿಜಕ್ಕೂ ಕಡಿಮೆಯೇ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಬೆಳಿಗ್ಗೆ, ಕನಿಷ್ಠ ಒಂದು ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು, ತಲೆ ತುಸು ಬಗ್ಗಿಸಿ ಕೂತು, ನುಂಗದೆ, ಬಾಯಲ್ಲಿ ಊರಿದ್ದನ್ನು 15 ನಿಮಿಷ ಒಂದು ಬಟ್ಟಲಿಗೆ ಬಿಡುತ್ತಾ ಹೋಗಿ. ನೊರೆ ಇಳಿದ ಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು ಅಳೆಯಿರಿ. ಸಾಮಾನ್ಯವಾಗಿ ನಿಮಿಷಕ್ಕೆ 0.3 ಮಿಲಿಲೀಟರ್ ಆಸುಪಾಸು ಊರುತ್ತದೆ. 15 ನಿಮಿಷಕ್ಕೆ ಒಂದೂವರೆ ಮಿಲಿಲೀಟರ್ ಕೂಡ ಬರದಿದ್ದರೆ ಅದು ಭ್ರಮೆಯಲ್ಲ, ತೋರಿಸಬೇಕಾದ ಕೊರತೆ. ನನಗೆ ಆಗ ಬಂದಿದ್ದು ಒಂದೇ ಮಿಲಿಲೀಟರ್. ಗುಳಿಗೆ ಬಿಟ್ಟು ಎರಡು ತಿಂಗಳಿಗೆ ಮೂರೂವರೆ.

ನಿಮ್ಮ ಪುಟ ಬೇರೆ ಕಥೆ ಹೇಳಬಹುದು. ಬೆಳಿಗ್ಗೆ ಎಂಟು ಒಂಬತ್ತು ಅಂಕ, ಮಧ್ಯಾಹ್ನಕ್ಕೆ ಎರಡು ಎಂದು ಬಂದರೆ ನೀವು ರಾತ್ರಿ ಬಾಯಿಂದ ಉಸಿರಾಡುತ್ತಿರಬಹುದು. ಮೂಗು, ಗೊರಕೆ ತೋರಿಸಿ. ನೀರಡಿಕೆಯೂ ಇದೆ, ಮೂತ್ರವೂ ಹೆಚ್ಚು, ತೂಕ ಇಳಿಯುತ್ತಿದೆ ಎಂದರೆ ನಾಳೆಯೇ ಸಕ್ಕರೆ ಪರೀಕ್ಷೆ ಮಾಡಿಸಿ. ಬರಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚು ಬಂದರೆ ಮಧುಮೇಹದ ಲೆಕ್ಕ. ಎಲೆಅಡಿಕೆ, ಗುಟ್ಕಾ ಹಾಕುವವರು ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಿಡಿಸುತ್ತವೆಯೇ ನೋಡಿಕೊಳ್ಳಬೇಕು. ಹಿಡಿಸದಿದ್ದರೆ ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿಯಾಗುತ್ತಿರಬಹುದು. ಅದು ಕ್ಯಾನ್ಸರಿಗೆ ದಾರಿಯಾಗಬಲ್ಲ ಕಾಯಿಲೆ, ತಡ ಮಾಡಬೇಡಿ.

ಕಣ್ಣಲ್ಲೂ ಮರಳು ಬಿದ್ದಂತಾಗುತ್ತಿದ್ದರೆ? ಇದನ್ನು ಸ್ವಲ್ಪ ನಿಂತು ಹೇಳಬೇಕು. ನನ್ನ ಜೊತೆ ಕೆಲಸ ಮಾಡಿದ ಗೆಳತಿಗೆ ಬಾಯಿ, ಕಣ್ಣು ಎರಡೂ ಒಣಗುತ್ತಿದ್ದವು, ಬೆರಳಿನ ಗೆಣ್ಣು ನೋಯುತ್ತಿದ್ದವು. "ವಯಸ್ಸಾತು" ಎಂದು ಎಲ್ಲರೂ ತಳ್ಳಿಹಾಕಿದರು. ವಯಸ್ಸೊಂದೇ ಬಾಯಿಯನ್ನು ಹೀಗೆ ಒಣಗಿಸುವುದಿಲ್ಲ. ಅವಳಿಗಿದ್ದದ್ದು ಶೋಗ್ರೆನ್ ಕಾಯಿಲೆ, 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ವಿವರವಾಗಿ ಬರೆದದ್ದು. ಮೈಯ ರಕ್ಷಣಾಪಡೆಯೇ ಜೊಲ್ಲು, ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಕಣ್ಣಂಚಿಗೆ ಕಾಗದದ ಪಟ್ಟಿ ಇಟ್ಟು ಐದು ನಿಮಿಷ ನೋಡುವ ಶಿರ್ಮರ್ ಪರೀಕ್ಷೆ, ಆಂಟಿ-ರೋ (Anti-Ro) ಎಂಬ ರಕ್ತಪರೀಕ್ಷೆ, ಬೇಕಾದರೆ ಕೆಳದುಟಿಯ ಒಳಗಿಂದ ಸಣ್ಣ ಚೂರು ತೆಗೆದು ನೋಡುವುದು, ಇವುಗಳಿಂದ ಗೊತ್ತಾಗುತ್ತದೆ. ಸಂಧಿವಾತದ ತಜ್ಞರ ಬಳಿ ಹೋಗಬೇಕು. "ನನಗ ಶೋಗ್ರೆನ್ ಇರಬಹುದೇನ್ರಿ?" ಎಂದು ಅವಳೇ ಬಾಯಿಬಿಟ್ಟು ಕೇಳಿದ ಮೇಲೆ ಪರೀಕ್ಷೆಯಾಯಿತು. ಕೇಳುವುದಕ್ಕೆ ಸಂಕೋಚ ಬೇಡ.

ಕಾರಣ ಹುಡುಕುತ್ತಿರುವಾಗಲೂ ಹಲ್ಲು ಕಾಯಬೇಕು, ಇಲ್ಲೇ ನಾನು ಎಡವಿದ್ದು. ಜೊಲ್ಲು ಬರಲೆಂದು ದಿನವಿಡೀ ನಿಂಬೆಯ ಪೆಪ್ಪರಮಿಂಟು ಚೀಪಿದೆ. ಸಕ್ಕರೆ, ಹುಳಿ ಎರಡನ್ನೂ ತೊಳೆಯಲು ಜೊಲ್ಲೇ ಇಲ್ಲದ ಬಾಯಿ ಅದು. ವಸಡಿನ ಅಂಚಿನಲ್ಲೇ ಎರಡು ಹಲ್ಲು ಹುಳುಕಾದವು. ಚೀಪಬೇಕೆಂದರೆ ಸಕ್ಕರೆಯಿಲ್ಲದ, ಝೈಲಿಟಾಲ್ ಎಂಬ ಬದಲಿ ಸಿಹಿ ಇರುವ ಗಮ್ ಅಥವಾ ಗೋಲಿ ತನ್ನಿ. ದಿನಕ್ಕೆರಡು ಸಲ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿ, ನೊರೆ ಉಗುಳಿ. ಎಲ್ಲ ಗಿಡಮೂಲಿಕೆ ಪೇಸ್ಟುಗಳಲ್ಲಿ ಅದು ಇರುವುದಿಲ್ಲ, ಓದಿ ಕೊಳ್ಳಿ. ಮುಂಡರಗಿಯಲ್ಲಿರುವ ನನ್ನ ತಂಗಿ ಫ್ಲೋರೈಡ್ ಎಂಬ ಹೆಸರಿಗೇ ಬೆಚ್ಚಿದಳು, ಅವರ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಅತಿಯಾಗಿದೆ. ವರ್ಷಗಟ್ಟಲೆ ಕುಡಿಯುವ ನೀರಿನ ಮಾತು ಬೇರೆ, ಹಲ್ಲಿಗೆ ಹಚ್ಚಿ ಉಗುಳುವುದು ಬೇರೆ ಎಂದು ಅವಳಿಗೆ ಬಿಡಿಸಿ ಹೇಳಬೇಕಾಯಿತು. ಆಲ್ಕೋಹಾಲ್ ಇರುವ ಮೌತ್‌ವಾಶ್ ಇನ್ನಷ್ಟು ಒಣಗಿಸುತ್ತದೆ. ಕಟ್ಟಿಸಿಕೊಂಡ ಹಲ್ಲುಗಳನ್ನು ರಾತ್ರಿ ತೆಗೆದಿಡಿ, ಒಣಬಾಯಲ್ಲಿ ಬೇಗ ಬೂಷ್ಟು ಹಿಡಿದು ಬಿಳಿ ಪದರ, ಉರಿ ಬರುತ್ತದೆ.

ನೀರು ಗುಟುಕು ಗುಟುಕಾಗಿ ಸಾಕು. ಹೃದಯ, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರು ಹೇಳಿದ ಮಿತಿ ದಾಟಬಾರದು. ಊಟಕ್ಕೆ ನಾನು ಕಟಕ ರೊಟ್ಟಿ ಬಿಟ್ಟು ಮೆತ್ತನೆಯ ಬಿಸಿರೊಟ್ಟಿ ಚೂರಿ, ಬೇಳೆಸಾರಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ ಉಣ್ಣುತ್ತಿದ್ದೆ. ತುಪ್ಪ ಇದ್ದರೆ ಇನ್ನೂ ಸಲೀಸು. ಮಲಗುವ ಮುನ್ನ ಕೃತಕ ಜೊಲ್ಲಿನ ಜೆಲ್ ಒಂದಿಷ್ಟು ನಾಲಿಗೆ, ಕೆನ್ನೆಯ ಒಳಗೆ ಹಚ್ಚಿದರೆ ಕೆಲವು ಗಂಟೆ ನಿದ್ದೆ ಬರುತ್ತದೆ. ಶೋಗ್ರೆನ್ ಇದ್ದವರಿಗೆ, ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಆದವರಿಗೆ ಗ್ರಂಥಿಯನ್ನೇ ಎಬ್ಬಿಸುವ ಪೈಲೋಕಾರ್ಪಿನ್ ಗುಳಿಗೆ ಇದೆ. ಬೆವರು ಹೆಚ್ಚಾಗುತ್ತದೆ. ಹತೋಟಿಗೆ ಬಾರದ ಆಸ್ತಮಾ, ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಇದ್ದವರಿಗೆ ಆಗದು. ವೈದ್ಯರೇ ಬರೆದುಕೊಡಬೇಕು. ನನ್ನ ಗೆಳತಿ ಅದರ ಮೇಲಿದ್ದಾಳೆ, ಈಗ ನೀರಿಲ್ಲದೆ ಅರ್ಧ ರೊಟ್ಟಿ ತಿನ್ನುತ್ತಾಳೆ.

ಹುಳುಕಾದ ನನ್ನ ಎರಡು ಹಲ್ಲುಗಳಲ್ಲಿ ಒಂದಕ್ಕೆ ಸಿಮೆಂಟ್ ತುಂಬಿದರು, ಇನ್ನೊಂದಕ್ಕೆ ಬೇರುನಾಳದ ಚಿಕಿತ್ಸೆ (ರೂಟ್ ಕೆನಾಲ್) ಆಯಿತು. ಬಾಯಿ ಪೂರ್ತಿ ಹಸಿಯಾಗುವವರೆಗೆ ಆರು ತಿಂಗಳಿಗಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಿದ್ದಾರೆ ದಂತವೈದ್ಯರು.