ಮಾರ್ಕೆಟಿಂಗ್ ಪ್ರೊಫೆಸರ್ ಆಗಬೇಕಾ? ಹೀಗೆ ಶುರು ಮಾಡಿ

"ನಂಗೆ ಮಾತು ಚೆನ್ನಾಗಿ ಬರುತ್ತೆ ಮೇಡಂ, ಮಾರ್ಕೆಟಿಂಗ್ ಪ್ರೊಫೆಸರ್ ಆಗ್ಬೋದಲ್ವಾ?" ಅಂತ ಕೇಳಿಕೊಂಡು ಬರುವವರೇ ಜಾಸ್ತಿ. ಮಾತು ಬೇಕು, ಇಲ್ಲ ಅನ್ನಲ್ಲ. ಆದರೆ ಈ ಕೆಲಸದಲ್ಲಿ ಹೆಚ್ಚು ಹೊತ್ತು ಹೋಗುವುದು ಓದಿಗೆ, ಬರವಣಿಗೆಗೆ, ಬರೆದದ್ದನ್ನೇ ಮತ್ತೆ ತಿದ್ದುವುದಕ್ಕೆ.

ಮೊದಲು ಪಿಎಚ್‌ಡಿ. ನಾಲ್ಕೈದು ವರ್ಷ ಹಿಡಿಯುತ್ತದೆ. ಅದಕ್ಕೆ ಮೊದಲು ಮಾರ್ಕೆಟಿಂಗನ್ನೇ ಓದಿರಬೇಕು ಅಂತೇನಿಲ್ಲ. ಮಾರ್ಕೆಟಿಂಗ್ ಪಠ್ಯಪುಸ್ತಕಗಳಿಂದ ಹೆಸರಾದ ಫಿಲಿಪ್ ಕೋಟ್ಲರ್ 1956ರಲ್ಲಿ ಅಮೆರಿಕದ ಎಂಐಟಿಯಿಂದ ಪಿಎಚ್‌ಡಿ ಪಡೆದದ್ದು ಅರ್ಥಶಾಸ್ತ್ರದಲ್ಲಿ. ಒಳಗೆ ಹೋದರೆ ಮುಖ್ಯವಾಗಿ ಎರಡು ದಾರಿ. ಒಂದು ಲೆಕ್ಕದ್ದು: ಬೆಲೆ, ಮಾರಾಟದ ಡೇಟಾ, ಗಣಿತದ ಮಾಡೆಲ್. ಇನ್ನೊಂದು ಗ್ರಾಹಕರ ಮನಸ್ಸಿನದ್ದು: ಸೈಕಾಲಜಿ, ಪ್ರಯೋಗ. ಯಾವುದು ಅಂತ ಅರ್ಜಿ ಹಾಕುವ ಮೊದಲೇ ತೀರ್ಮಾನಿಸಿ. ಗೈಡ್ ಸಿಗುವುದು ಅದರ ಮೇಲೆ. ಗೈಡ್ ಹೆಸರು ದೊಡ್ಡದಾ ಅಂತ ನೋಡುವ ಬದಲು, ಅವರ ಹಳೇ ವಿದ್ಯಾರ್ಥಿಗಳನ್ನು ಮಾತಾಡಿಸಿ. ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡ್ತಾರೆ ಅಂತ ಕೇಳಿ.

ಆಮೇಲೆ ಸಂಶೋಧನೆಗೆ ಒಂದು ಪ್ರಶ್ನೆ. ಇಲ್ಲಿ ಅವಸರ ಬೇಡ. ವರ್ಷವಿಡೀ ರಿಯಾಯಿತಿ ಬೋರ್ಡ್ ಹಾಕುವ ಅಂಗಡಿಯ ಮೂಲ ಬೆಲೆಯನ್ನು ಜನ ನಂಬುತ್ತಾರಾ? ಇಂಥ ಪ್ರಶ್ನೆ ನನಗಿಷ್ಟ. ಕೇಳಿದವರು "ಹೌದಲ್ಲ, ನಂಬ್ತಾರಾ?" ಅಂದರೆ ಮುಂದುವರಿಯಿರಿ. ಅಮೆರಿಕದ ಮಾರ್ಕೆಟಿಂಗ್ ಪ್ರೊಫೆಸರ್ ಫ್ರಾಂಕ್ ಬಾಸ್ 1969ರಲ್ಲಿ ಬರೆದದ್ದೂ ಸರಳ ವಿಷಯವೇ: ಹೊಸ ವಸ್ತುವನ್ನು ಕೆಲವರು ತಾವಾಗಿ ಕೊಳ್ಳುತ್ತಾರೆ, ಉಳಿದವರು ಅವರನ್ನು ನೋಡಿ ಕೊಳ್ಳುತ್ತಾರೆ. ಅದನ್ನೇ ಸಮೀಕರಣ ಮಾಡಿ ಕಲರ್ ಟಿವಿ ಮಾರಾಟವನ್ನು ಅಂದಾಜು ಮಾಡಿದರು.

ಸಂಶೋಧನೆ ಮುಗಿಸಿ ಜರ್ನಲ್‌ಗೆ ಕಳಿಸಿದ ಪೇಪರ್ ಸಾಮಾನ್ಯವಾಗಿ ತಿರಸ್ಕಾರವಾಗುತ್ತದೆ. ಅದೃಷ್ಟ ಚೆನ್ನಾಗಿದ್ದರೆ "ತಿದ್ದಿ ಮತ್ತೆ ಕಳಿಸಿ" ಅಂತ ಬರುತ್ತದೆ. ಆ ಪತ್ರ ಓದಿದ ದಿನ ಉತ್ತರ ಬರೆಯಬೇಡಿ, ಸಿಟ್ಟು ಅಕ್ಷರಕ್ಕೆ ಇಳಿಯುತ್ತದೆ. ಮಾರನೇ ದಿನ ಒಂದು ಟೇಬಲ್ ಮಾಡಿ. ಎಡಗಡೆ ರಿವ್ಯೂವರ್, ಅಂದರೆ ಜರ್ನಲ್ ಪರವಾಗಿ ನಿಮ್ಮ ಪೇಪರ್ ಓದಿ ಅಭಿಪ್ರಾಯ ಕೊಡುವ ತಜ್ಞರು, ಹೇಳಿದ್ದು, ಒಂದೊಂದು ಸಾಲಿಗೆ ಒಂದೊಂದೇ ಆಕ್ಷೇಪ. ಬಲಗಡೆ ನೀವು ಮಾಡಿದ್ದು, ಪುಟದ ಸಂಖ್ಯೆ ಸಮೇತ. ಸಂಪಾದಕರು ಒತ್ತಿ ಹೇಳಿದ್ದಕ್ಕೆ ಮೊದಲು ಕೈ ಹಾಕಿ. ಒಪ್ಪದ ಮಾತಿಗೆ "ಒಪ್ಪಲ್ಲ" ಅನ್ನಿ, ಆದರೆ ಪಕ್ಕದಲ್ಲೇ ಡೇಟಾ ಇಡಿ. ಇಬ್ಬರು ರಿವ್ಯೂವರ್‌ಗಳು ಒಬ್ಬರಿಗೊಬ್ಬರು ವಿರುದ್ಧ ಹೇಳಿದರೆ ಸಂಪಾದಕರನ್ನೇ ಕೇಳಿ, ಸಂಕೋಚ ಬೇಡ.

ಕೆಲಸ ಸಿಕ್ಕಿದ ಮೇಲೆ ಕಾಯಂ ಆಗುವವರೆಗೆ ಕಮಿಟಿಗಳಿಗೆಲ್ಲ ಹ್ಞೂಂ ಅನ್ನಬೇಡಿ. ಅಷ್ಟೇ.

ಪಾಠದ ಬಗ್ಗೆ ಒಂದು ಮಾತು. 1960ರಿಂದ ಓಡುತ್ತಿರುವ ನಾಲ್ಕು 'ಪಿ'ಗಳನ್ನು (ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್) ಸ್ಲೈಡಲ್ಲಿ ಓದಿ ಹೇಳಿದರೆ ಕ್ಲಾಸ್ ನಿದ್ದೆ ಮಾಡುತ್ತದೆ. ನಾನು ಮೇಜಿನ ಮೇಲೆ ಒಂದು ನೀರಿನ ಬಾಟಲಿ ಇಡುತ್ತೇನೆ. "ಇದನ್ನು ಯಾರು ಕೊಳ್ಳಲ್ಲ? ಯಾಕೆ?" ಅಂತ ಕೇಳಿ ಸುಮ್ನೆ ನಿಲ್ಲುತ್ತೇನೆ. ಬೆಲೆ ಜಾಸ್ತಿ ಅಂತ ಒಬ್ಬರು, ಮನೆಯಲ್ಲೇ ನೀರಿದೆ ಅಂತ ಇನ್ನೊಬ್ಬರು. ಕೊನೇ ಬೆಂಚಿನವರು "ಪ್ಲಾಸ್ಟಿಕ್ ಮೇಡಂ" ಅನ್ನುವ ಹೊತ್ತಿಗೆ ಅರ್ಧ ಪಾಠ ಬೋರ್ಡ್ ಮೇಲಿರುತ್ತದೆ. ಸ್ಲೈಡ್ ಆಮೇಲೆ ಹಾಕಿ.