ಸೈಟಲ್ಲಿ ಬಿದ್ದು ಪೆಟ್ಟಾದ್ರೆ: ದವಾಖಾನೆ ಚೀಟಿಯಿಂದ ಕೋರ್ಟಿನ ತನಕ

ಕೊಪ್ಪಳ ಕೋರ್ಟಿನ ಹತ್ರ ನಂದೊಂದು ಸಣ್ಣ ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್ ಟೈಪ್ ಮಾಡೋದು ಕೆಲಸ, ವಕೀಲ ನಾನಲ್ಲ. ಆದ್ರೆ ಕಟ್ಟಡದ ಮೇಲಿಂದ ಬಿದ್ದವರ ಕಾಗದಪತ್ರ ಟೇಬಲ್ ಮೇಲೆ ಬಂದಾಗ ಕೇಸು ಎಲ್ಲಿ ಕೆಟ್ಟಿದೆ ಅಂತ ಮೊದಲ ಹಾಳೆಯಲ್ಲೇ ಗೊತ್ತಾಗಿಬಿಡುತ್ತೆ. ಹೆಚ್ಚಿನವು ಕೋರ್ಟಲ್ಲಿ ಕೆಟ್ಟಿರಲ್ಲ, ದವಾಖಾನೆಯಲ್ಲಿ ಬಿದ್ದ ದಿನಾನೇ ಕೆಟ್ಟಿರ್ತಾವೆ.

1. ದವಾಖಾನೆಯಲ್ಲಿ ಏನು ಬರೆಸ್ತೀರಿ ಅನ್ನೋದು

ಎಮರ್ಜೆನ್ಸಿ ವಾರ್ಡಲ್ಲಿ ಡಾಕ್ಟರ್ ಕೇಳೋ ಮೊದಲ ಪ್ರಶ್ನೆ, ಏನಾಯ್ತು ಅಂತ. ಬಿದ್ದವನಿಗೆ ಎಚ್ಚರ ಇರಲ್ಲ, ಇದ್ರೂ ಮಾತಾಡೋ ಸ್ಥಿತೀಲಿ ಇರಲ್ಲ, ಹೆಂಡ್ತಿ ಇನ್ನೂ ಊರಿಂದ ಬಸ್ ಹತ್ತಿರಲ್ಲ, ಹಾಗಾಗಿ ಉತ್ತರ ಕೊಡೋನು ಜೊತೆಗೆ ಬಂದ ಮೇಸ್ತ್ರಿ. "ಬೈಕ್ ಮೇಲಿಂದ ಬಿದ್ದಾನ್ರಿ ಸರ್." ಡಾಕ್ಟರ್ ಅದನ್ನೇ ಬರ್ಕೊಳ್ತಾರೆ, ಅವರ ತಪ್ಪೇನಿಲ್ಲ. ಎರಡು ವರ್ಷ ಆದ್ಮೇಲೆ ಎದುರು ಪಾರ್ಟಿ ವಕೀಲರು ಅದೇ ಒಂದು ಸಾಲು ಹಿಡ್ಕೊಂಡು ನಿಂತ್ಕೊಳ್ತಾರೆ.

ಕುಷ್ಟಗಿ ಕಡೆಯ ಒಬ್ಬ ಸೆಂಟ್ರಿಂಗ್ ಕೆಲಸದ ಹುಡುಗನ ಡಿಸ್ಚಾರ್ಜ್ ಹಾಳೇಲಿ "ಮನೆಯ ಮಾಳಿಗೆಯಿಂದ ಜಾರಿ ಬಿದ್ದು" ಅಂತ ಇತ್ತು. ಓದಿ ಹೇಳಿದೆ. ಅವನ ತಾಯಿ ನನ್ನ ಮುಖಾನೇ ನೋಡಿದ್ಲು. "ಯಪ್ಪಾ, ನಮ್ಮ ಮನಿಗೆ ಮಾಳಿಗಿ ಎಲ್ಲೈತಿ? ತಗಡಿನ ಶೀಟ್ ಐತಿ." ಹುಡುಗ ಬಿದ್ದಿದ್ದು ಮೂರನೇ ಸ್ಲ್ಯಾಬಿನ ಸೆಂಟ್ರಿಂಗ್ ಹಲಗೆ ಮೇಲಿಂದ.

ಅದಕ್ಕೇ ಜೊತೆಗೆ ಹೋದೋರು ಯಾರೇ ಆಗಿರ್ಲಿ, ನಾಲ್ಕು ಮಾತು ಹೇಳಲೇಬೇಕು: ಯಾವ ಸೈಟು, ಯಾರ ಗುತ್ತಿಗೆ, ಎಷ್ಟು ಗಂಟೆಗೆ, ಯಾವ ಕೆಲಸ ಮಾಡ್ತಿದ್ದಾಗ ಬಿದ್ದ. ಆಮೇಲೆ "ಎಂಎಲ್‌ಸಿ ಮಾಡ್ರಿ" (ಪೊಲೀಸ್ ಕೇಸಾಗಬಹುದಾದ ಗಾಯ ಅಂತ ದಾಖಲು) ಅಂತ ಬಾಯಿಬಿಟ್ಟು ಕೇಳ್ರಿ. ಎಂಎಲ್‌ಸಿ ಆದ್ರೆ ದವಾಖಾನೆಯಿಂದಾನೇ ಪೊಲೀಸ್ ಸ್ಟೇಷನ್ನಿಗೆ ಸುದ್ದಿ ಹೋಗುತ್ತೆ, ಅದರ ನಂಬರ್ ಬರ್ಕೊಂಡು ಓಪಿಡಿ ಚೀಟಿ ಜೊತೆ ಮೊಬೈಲಲ್ಲಿ ಫೋಟೋ ತೆಗ್ದು ಮನೆಯವರಿಗೆ ಕಳ್ಸಿಬಿಡ್ರಿ, ಯಾಕಂದ್ರೆ ಚೀಟಿ ಮೇಸ್ತ್ರಿ ಜೇಬಲ್ಲಿ ಹೋಗಿ ವಾಪಸ್ ಬರದೇ ಇರೋದನ್ನ ಬಹಳ ಸಲ ನೋಡಿದೀನಿ. ಖಾಸಗಿ ಆಸ್ಪತ್ರೆಯವರೂ ಎಂಎಲ್‌ಸಿ ಮಾಡಬೇಕು, ಆದ್ರೂ ನನ್ನ ಕೇಳಿದ್ರೆ ಮೊದಲು ಸರ್ಕಾರಿ ದವಾಖಾನೆಗೇ ಹೋಗ್ರಿ, ಬಳ್ಳಾರೀಲಿ ವಿಮ್ಸ್ (ಈಗಿನ ಹೆಸರು ಬಿಎಂಸಿಆರ್‌ಸಿ), ರಾಯಚೂರಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ರಿಜಿಸ್ಟರ್ ಅಲ್ಲೇ ಇರುತ್ತೆ, ಮುಂದೆ ನಕಲು ಪಡೆಯೋದು ಸಲೀಸು.

ಈಗಾಗ್ಲೇ ತಪ್ಪು ಬರೆಸಿಬಿಟ್ಟಿದ್ರೆ? ಅಳಿಸೋಕೆ ಬರಲ್ಲ. ಎಚ್ಚರ ಆದ ತಕ್ಷಣ ಪೇಶಂಟೇ ಡಾಕ್ಟರಿಗೆ ನಿಜ ಹೇಳ್ಬೇಕು, ಅದೇ ಮಾತನ್ನ ಅರ್ಜೀಲಿ ಬರೆದು ಸೀಲ್ ಹಾಕಿಸ್ಕೊಬೇಕು, ಪೊಲೀಸ್ ಹೇಳಿಕೇಲೂ "ಮೊದಲು ಮೇಸ್ತ್ರಿ ಹೀಗೆ ಹೇಳಿದ್ದ" ಅಂತ ಸೇರಿಸ್ಬೇಕು. ಎರಡು ಮೂರು ದಿನದಲ್ಲಿ ಮಾಡಿದ್ರೆ ಅದಕ್ಕೆ ತೂಕ ಇರುತ್ತೆ. ಆರು ತಿಂಗಳು ಬಿಟ್ಟು ಮಾಡಿದ್ರೆ ಕತೆ ಕಟ್ಟಿದ್ರು ಅಂತಾರೆ. ಇನ್ನು ಮೇಸ್ತ್ರಿ "ಕುಡ್ದಿದ್ದ" ಅಂದ್ರೆ, ಕುಡಿದೇ ಇದ್ದವನು ರಕ್ತ ಪರೀಕ್ಷೆ ಮಾಡ್ರಿ ಅಂತ ಅಲ್ಲೇ ಕೇಳ್ಬೇಕು.

2. ಪೊಲೀಸ್ ದೂರು

ಗಾಯ ಆಗಿದ್ರೆ ಭಾರತೀಯ ನ್ಯಾಯ ಸಂಹಿತೆ ಕಲಂ 125, ಜೀವ ಹೋಗಿದ್ರೆ 106. ದೂರು ಕೊಟ್ಟವರಿಗೆ ಎಫ್‌ಐಆರ್ ನಕಲು ಪುಕ್ಕಟೆ ಕೊಡ್ಬೇಕು. ಇದು ನಿರ್ಲಕ್ಷ್ಯದ ಕೇಸು, ಪರಿಹಾರದ್ದು ಬೇರೆ. ಪರಿಹಾರಕ್ಕೆ ಗುತ್ತಿಗೆದಾರನ ತಪ್ಪು ಸಾಬೀತು ಮಾಡ್ಬೇಕಂತಿಲ್ಲ, ಕೆಲಸದಲ್ಲಿದ್ದಾಗ ಕೆಲಸದಿಂದ ಪೆಟ್ಟಾಯ್ತು ಅಂದ್ರೆ ಸಾಕು. "ಸೇಫ್ಟಿ ಬೆಲ್ಟ್ ಹಾಕಿರ್ಲಿಲ್ಲ, ಅವನದೇ ತಪ್ಪು" ಅಂತ ಹೆದರಿಸ್ತಾರೆ, ಬೇಕಂತ್ಲೇ ನಿಯಮ ಮುರಿದಿದ್ದ ಅಂತ ಅವರೇ ತೋರಿಸ್ಬೇಕು, ಜೀವ ಹೋಗಿದ್ರೆ ಇಲ್ಲಾ ಪೂರ್ತಿ ಶಾಶ್ವತ ಅಂಗವಿಕಲತೆ ಆಗಿದ್ರೆ ಆ ನೆಪಾನೂ ನಡೆಯಲ್ಲ.

3. ಬಾಂಡ್ ಪೇಪರಿಗೆ ಸಹಿ ಹಾಕ್ಬೇಡ್ರಿ

ನಾಲ್ಕೈದು ದಿನಕ್ಕೆ ಗುತ್ತಿಗೆದಾರನ ಕಡೆಯವರು ಹಣ್ಣಿನ ಚೀಲ ಹಿಡ್ಕೊಂಡು ಬರ್ತಾರೆ. "ಅಕ್ಕಾ, ಐವತ್ತು ಸಾವಿರ ತಗೊಳ್ರಿ, ಕೋರ್ಟು ಕಚೇರಿ ಯಾಕ್ ಬೇಕು." ಜೊತೆಗೆ ಛಾಪಾ ಕಾಗದ, ಅದರಲ್ಲಿ "ಮುಂದೆ ಯಾವುದೇ ಹಕ್ಕು ಇರುವುದಿಲ್ಲ". ಇಂಥ ರಾಜಿ ಪತ್ರ ಟೈಪ್ ಮಾಡಿಕೊಡು ಅಂತ ನನ್ನ ಹತ್ರಾನೂ ಬರ್ತಾರೆ, ನಾನು ಮಾಡಲ್ಲ. ಪರಿಹಾರದ ಹಕ್ಕು ಬಿಟ್ಟುಕೊಡೋ ಒಪ್ಪಂದ ಕಾನೂನಲ್ಲಿ ನಿಲ್ಲಲ್ಲ. ಸತ್ತವರ ಪರಿಹಾರನ ಕಾನೂನು ಹೇಳಿದ ಅಧಿಕಾರಿ ಹತ್ರಾನೇ ಠೇವಣಿ ಇಡ್ಬೇಕು, ಕೈಗೆ ಕೊಟ್ಟ ದುಡ್ಡು ಕೊಟ್ಟ ಹಾಗೆ ಅಲ್ಲ. ಸಹಿ ಆಗಿಹೋಗಿದ್ರೂ ಕೇಸು ಹಾಕಬಹುದು. ದವಾಖಾನೆ ಖರ್ಚಿಗೆ ರೊಕ್ಕ ಕೊಟ್ರೆ ತಗೊಳ್ರಿ, ಅದನ್ನ ಫೋನ್‌ಪೇಲಿ ಹಾಕಿ ಅನ್ರಿ, ಗುರುತು ಉಳಿಯುತ್ತೆ.

4. ಕೆಲಸಕ್ಕಿದ್ದೆ ಅನ್ನೋ ಪುರಾವೆ

ಹಾಜರಿ ಪುಸ್ತಕದ ಫೋಟೋ, ಪಗಾರ ಬಂದ ಬ್ಯಾಂಕ್ ಮೆಸೇಜು, ಗೇಟ್ ಪಾಸು, ಜೊತೆ ಕೆಲಸ ಮಾಡಿದ ಇಬ್ಬರ ಹೆಸರು. ಬೇಗ ಮಾಡ್ರಿ, ಹೆಲ್ಪರ್‌ಗಳು ಮುಂದಿನ ತಿಂಗಳು ಬೇರೆ ಸೈಟಿಗೆ ಹೋಗಿರ್ತಾರೆ.

5. ಯಾವ ಬಾಗಿಲು

ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಾರ್ಡ್ ಇದ್ರೆ ಅಲ್ಲಿಗೇ ಹೋಗ್ಬೇಕು, ತಾತ್ಕಾಲಿಕ ಅಂಗವಿಕಲತೆಗೆ ಪಗಾರದ 90% ಸಿಗುತ್ತೆ, ಆದ್ರೆ ಮಾಲೀಕನ ಮೇಲೆ ಬೇರೆ ಪರಿಹಾರದ ಕೇಸು ಆಗಲ್ಲ. ಟಿಪ್ಪರ್ ರಿವರ್ಸ್ ಬಂದು ಗುದ್ದಿದ್ರೆ ಮೋಟಾರು ಅಪಘಾತ ಕೇಸು ಇಲ್ಲಾ ಕಾರ್ಮಿಕ ಪರಿಹಾರ, ಎರಡರಲ್ಲಿ ಒಂದೇ. ಮೋಟಾರಿನದಾದ್ರೆ ಆರು ತಿಂಗಳ ಒಳಗೇ ಹಾಕ್ರಿ.

ಉಳಿದೋರಿಗೆಲ್ಲ ಕಾರ್ಮಿಕ ಪರಿಹಾರ. 1923ರ ಕಾಯ್ದೆ ಇದು, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಲೆಕ್ಕ ಹಾಕೋ ರೀತಿ ಹಳೇದೇ. ಕೆಲಸಕ್ಕೆ ಹೋಗ್ತಾ ಬರ್ತಾ ಆದ ಅಪಘಾತಾನೂ ಇದರಲ್ಲಿ ಬರುತ್ತೆ. ಮೇಸ್ತ್ರಿ ಕೈಲಿ ಏನೂ ಇಲ್ಲ ಅಂತ ಸುಮ್ಮನಾಗ್ಬೇಡ್ರಿ, ಕೆಲಸ ಗುತ್ತಿಗೆ ಕೊಟ್ಟ ಕಂಪನೀನೂ ಹೊಣೆ. ತಾವಿರೋಕೆ ಮನೆ ಕಟ್ಟಿಸೋರ ಮೇಲೆ ಮಾತ್ರ ಇದು ಅಷ್ಟು ಸುಲಭಕ್ಕೆ ಬರಲ್ಲ, ಅಲ್ಲಿ ಗುತ್ತಿಗೆದಾರನೇ ಮೊದಲ ಪಾರ್ಟಿ.

ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಇದ್ರೆ ಅದರ ಅಪಘಾತ ಸಹಾಯಧನಕ್ಕೆ ಬೇರೆ ಅರ್ಜಿ ಹಾಕ್ರಿ, ಸಹಾಯವಾಣಿ 155214. ಕಾರ್ಡ್ ಮಾಡಿಸಿಕೊಡ್ತೀನಿ ಅಂತ ಎರಡು ಸಾವಿರ ಕೇಳೋ ಏಜೆಂಟರನ್ನ ಹತ್ರ ಸೇರಿಸ್ಬೇಡ್ರಿ.

6. ಲೆಕ್ಕ, ಮತ್ತೆ ಆ ಪರ್ಸೆಂಟೇಜ್

ದಿನಕ್ಕೆ 700 ಕೂಲಿ, 26 ದಿನಕ್ಕೆ 18,200. ಆದ್ರೆ 2020ರ ಜನವರಿ 3ರಿಂದ ತಿಂಗಳ ಪಗಾರ ಅಂತ ಲೆಕ್ಕಕ್ಕೆ ಹಿಡಿಯೋದು ಹೆಚ್ಚಂದ್ರೆ 15,000. ಪೂರ್ತಿ ಶಾಶ್ವತ ಅಂಗವಿಕಲತೆಗೆ ಅದರ 60%, ಅಂದ್ರೆ 9,000. 30 ವರ್ಷದವನಾದ್ರೆ ಅದನ್ನ ಕಾನೂನಿನ ಪಟ್ಟೀಲಿ ಆ ವಯಸ್ಸಿಗೆ ಕೊಟ್ಟಿರೋ 207.98ರಿಂದ ಗುಣಿಸ್ಬೇಕು, 18,71,820 ಆಗುತ್ತೆ. ಜೀವ ಹೋಗಿದ್ರೆ 50% ಲೆಕ್ಕ, 15,59,850. ಅರ್ಧಂಬರ್ಧ ಅಂಗವಿಕಲತೆ ಆದ್ರೆ ದುಡಿಯೋ ಶಕ್ತಿ ಎಷ್ಟು ಪರ್ಸೆಂಟ್ ಹೋಯ್ತೋ ಅಷ್ಟು, 40% ಅಂದ್ರೆ 7,48,728. ದವಾಖಾನೆ ಬಿಲ್ಲು ಇದರ ಹೊರಗೆ, ಅದಕ್ಕೆ ಔಷಧದ ಚೀಟಿ ಒಂದೂ ಬಿಸಾಕ್ಬೇಡ್ರಿ.

ಇಲ್ಲೂ ಜನ ಎಡವ್ತಾರೆ. ಡಾಕ್ಟರ್ ಕಾಲಿಗೆ 30% ಅಂತ ಬರೆದುಕೊಡ್ತಾರೆ, ಇವರು ಅಷ್ಟೇ ಅಂದ್ಕೊಂಡು ಸುಮ್ಮನಾಗ್ತಾರೆ. ಕಾಲಿನ ಊನ ಬೇರೆ, ದುಡಿಮೆಯ ನಷ್ಟ ಬೇರೆ. ಮೊಣಕಾಲು ಮಡಚೋಕೆ ಬಾರದ ಗೌಂಡಿ ಏಣಿ ಹತ್ತೋದು ಹೆಂಗೆ? ಎಡಗೈ ಕಳ್ಕೊಂಡ ಬಡಿಗನಿಗೆ ಆ ಕಸುಬೇ ಹೋಯ್ತು, ಅದು ಪೂರ್ತಿ ನಷ್ಟ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಡಾಕ್ಟರ ಮುಂದೆ "ನೋವೈತ್ರಿ" ಅಂದು ಬರ್ಬೇಡ್ರಿ, ಏನು ಕೆಲಸ ಮಾಡ್ತಿದ್ರಿ, ಈಗ ಅದರಲ್ಲಿ ಯಾವುದು ಆಗಲ್ಲ ಅಂತ ಒಂದೊಂದಾಗಿ ಹೇಳಿ ಬರೆಸ್ಕೊಳ್ರಿ.

7. ಕೇಸು ಹಾಕೋದು

ಎರಡು ವರ್ಷದ ಒಳಗೆ. ಲಿಂಗಸುಗೂರು, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗಿ ಅಲ್ಲಿ ಬಿದ್ದಿದ್ರೂ ಕೇಸಿಗೆ ಅಲ್ಲಿಗೇ ಓಡಾಡ್ಬೇಕಿಲ್ಲ, ನೀವು ಇರೋ ಊರಿನ ವ್ಯಾಪ್ತೀಲೇ ಹಾಕಬಹುದು. ಮೊದಲೆಲ್ಲ ಲೇಬರ್ ಆಫೀಸರ್ ಮುಂದೆ ನಡೀತಿತ್ತು, ಆಮೇಲೆ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿಗೆ ಬಂತು, ಈಗ ಎಲ್ಲಿ ಕೊಡ್ಬೇಕು ಅಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳ್ಕೊಂಡು ಹೋಗ್ರಿ. ಎಸ್‌ಸಿ, ಎಸ್‌ಟಿ, ಹೆಣ್ಣುಮಕ್ಕಳು, ಕಡಿಮೆ ಆದಾಯದವರಿಗೆ ಅಲ್ಲೇ ಪುಕ್ಕಟೆ ವಕೀಲರು ಸಿಗ್ತಾರೆ, ಫೋನ್ 15100. ಬಂದಿದ್ದರಲ್ಲಿ ಇಷ್ಟು ಪಾಲು ಕೊಡ್ರಿ ಅನ್ನೋ ವಕೀಲರಿಂದ ದೂರ ಇರ್ರಿ, ಹಾಗೆ ಫೀಸು ಮಾತಾಡೋಕೆ ಅವರ ಬಾರ್ ಕೌನ್ಸಿಲ್ ನಿಯಮಾನೇ ಬಿಡಲ್ಲ.

ಒಂದು ತಿಂಗಳಲ್ಲಿ ಪರಿಹಾರ ಕೊಡದಿದ್ರೆ 12% ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ರೆ 50%ವರೆಗೂ ದಂಡ ಹಾಕಬಹುದು, ಅರ್ಜೀಲಿ ಎರಡನ್ನೂ ಕೇಳ್ರಿ, ಬಹಳ ಜನ ಬಡ್ಡಿ ಕೇಳೋದೇ ಮರೀತಾರೆ. ಆದೇಶ ಆದ್ಮೇಲೆ ಅವರು ಮೇಲ್ಮನವಿ ಹೋಗ್ತೀವಿ ಅಂತ ಹೆದರಿಸಬಹುದು. ಕೊಪ್ಪಳ, ಬಳ್ಳಾರಿಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಹೋಗ್ಲಿ ಬಿಡ್ರಿ, ಮಾಲೀಕ ಅಪೀಲು ಹಾಕ್ಬೇಕಂದ್ರೆ ಮೊದಲು ಆದೇಶದ ಮೊತ್ತ ಠೇವಣಿ ಇಟ್ಟಿರ್ಬೇಕು.