ಟಿವಿಗೆ ವೈ-ಫೈ ಜೋಡಿಸುವ ಮುನ್ನ ರಿಮೋಟ್ ಕೆಳಗಿಡಿ

ಹೊಸ ಸ್ಮಾರ್ಟ್ ಟಿವಿ ಮನೆಗೆ ಬಂದ ದಿನ ಅಂಗಡಿಯ ಕಡೆಯ ಹುಡುಗ ಗೋಡೆಗೆ ಸ್ಟ್ಯಾಂಡ್ ಬಿಗಿದು, ಟಿವಿ ನೇತುಹಾಕಿ, ಒಂದೆರಡು ಚಾನೆಲ್ ತೋರಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಡುತ್ತಾನೆ. ವೈ-ಫೈ ಜೋಡಿಸುವ ಕೆಲಸ ಮನೆಯವರ ಪಾಲಿಗೆ ಉಳಿಯುತ್ತದೆ. ಆಮೇಲಿನ ಒಂದು ಗಂಟೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನಂಟರ, ನೆರೆಹೊರೆಯವರ ಮನೆಗಳಲ್ಲಿ ಸಾಕಷ್ಟು ಸಲ ಕಂಡಿದ್ದೇನೆ. ಪಾಸ್‌ವರ್ಡ್ ನಾಲ್ಕು ಸಲ ತಪ್ಪಾಗುತ್ತದೆ. ಐದನೆಯ ಸಲ ಯಾರೋ ಒಬ್ಬರು ರೂಟರಿನ ಹಿಂದಿರುವ ಸಣ್ಣ ತೂತಿಗೆ ಪಿನ್ನು ಚುಚ್ಚುತ್ತಾರೆ. ಅಲ್ಲಿಯವರೆಗೆ ನೆಟ್ಟಗಿದ್ದ ಫೋನು, ಲ್ಯಾಪ್‌ಟಾಪುಗಳ ಇಂಟರ್‌ನೆಟ್ಟೂ ನಿಂತುಹೋಗುತ್ತದೆ. ಕಡೆಗೆ ಟಿವಿಯೇ ಸರಿಯಿಲ್ಲವೆಂದು ಅಂಗಡಿಯವರೊಂದಿಗೆ ಜಗಳ ಶುರುವಾಗುತ್ತದೆ.

ಆ ತೂತಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ರೀಸೆಟ್ ಗುಂಡಿ. ರೂಟರನ್ನು ಆರಿಸಿ ಹೊತ್ತಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಅದನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಕಂಪನಿಯವರು ತುಂಬಿಸಿಟ್ಟ ವಿವರಗಳೂ ಅಳಿಸಿಹೋಗಬಹುದು, ಆಗ ಅವರ ಮನುಷ್ಯ ಬಂದು ಮತ್ತೆ ತುಂಬುವವರೆಗೆ ಮನೆಯಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಟಿವಿ ಜೋಡಿಸುವ ಯಾವ ಹಂತದಲ್ಲಿಯೂ ಆ ಗುಂಡಿಯ ಅಗತ್ಯ ಬೀಳುವುದಿಲ್ಲ.

ಮೊದಲು ಜಾಗ ನೋಡಿ

ರಿಮೋಟ್ ಕೈಗೆತ್ತಿಕೊಳ್ಳುವ ಮುನ್ನ ಫೋನ್ ಹಿಡಿದು ಟಿವಿಯ ಬಳಿ ಹೋಗಿ. ಫೋನಿನ ಮೊಬೈಲ್ ಡೇಟಾ ಆರಿಸಿ, ಮನೆಯ ವೈ-ಫೈ ಮಾತ್ರ ಉಳಿಸಿಕೊಂಡು, ಫಾಸ್ಟ್ ಡಾಟ್ ಕಾಮ್‌ನಂಥ ವೇಗ ಅಳೆಯುವ ತಾಣವೊಂದನ್ನು ತೆರೆಯಿರಿ. ಫೋನನ್ನು ಪರದೆಯ ಮುಂದೆ ಹಿಡಿದರೆ ಸಾಲದು, ಟಿವಿಯ ಅಂಚಿನಲ್ಲಿ ಗೋಡೆಗೆ ತಾಗಿಸಿ ಹಿಡಿಯಬೇಕು, ಏಕೆಂದರೆ ಟಿವಿಯ ಆಂಟೆನಾ ಇರುವುದು ಅದರ ಬೆನ್ನಿನ ಕಡೆ. ನೆಟ್‌ಫ್ಲಿಕ್ಸ್ ಕೇಳುವುದು ಪೂರ್ಣ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ), 4ಕೆ ಚಿತ್ರಕ್ಕೆ 15 ಎಂಬಿಪಿಎಸ್. ಗೋಡೆಯ ಬಳಿ 25ರ ಆಸುಪಾಸು ಸಿಕ್ಕರೆ ಮುಂದುವರಿಯಿರಿ. ಎರಡು ಮೂರರಲ್ಲಿ ತೆವಳುತ್ತಿದ್ದರೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಏನು ಮಾಡಿದರೂ ಚಿತ್ರ ನಿಂತು ನಿಂತೇ ಬರುತ್ತದೆ.

ನಮ್ಮ ಮನೆಗಳಲ್ಲಿ ರೂಟರ್ ಇರುವುದು ವೈರು ಒಳಬಂದ ಜಾಗದಲ್ಲಿ, ಅಂದರೆ ಬಾಲ್ಕನಿಯ ಕಿಟಕಿಯ ಪಕ್ಕದಲ್ಲೋ ಬಾಗಿಲ ಮೇಲಿನ ಸಜ್ಜಾದಲ್ಲೋ. ಇನ್ನು ಕೆಲವರು ಅಂದಗೆಡುತ್ತದೆ ಎಂದು ಅದನ್ನು ಟಿವಿ ಯೂನಿಟ್ಟಿನ ಕಪಾಟಿನೊಳಗೆ, ಸೆಟ್ ಟಾಪ್ ಬಾಕ್ಸಿನ ಕೆಳಗೆ ತುರುಕಿ ಬಾಗಿಲು ಮುಚ್ಚಿರುತ್ತಾರೆ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಗ್ರಾನೈಟ್ ಹೊದಿಸಿದ ಗೋಡೆ, ನೀರಿನ ಡ್ರಮ್ಮು ಇವೆಲ್ಲ ವೈ-ಫೈ ತರಂಗಕ್ಕೆ ಅಡ್ಡಿ. ತೀರ್ಥಹಳ್ಳಿಯ ಕಡೆ ನನ್ನ ಚಿಕ್ಕಮ್ಮನ ಮನೆಯಲ್ಲಿ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳಿವೆ. ಉಪ್ಪರಿಗೆಯ ರೂಟರಿನಿಂದ ಜಗಲಿಯ ಟಿವಿಗೆ ಏನೂ ತಲುಪುತ್ತಿರಲಿಲ್ಲ. ರೂಟರನ್ನು ಮೆಟ್ಟಿಲ ತಿರುವಿಗೆ ತಂದು ಎದೆಯೆತ್ತರದಲ್ಲಿ ಬಯಲಿಗಿಟ್ಟ ಮೇಲೆ ಅದೇ ಟಿವಿ, ಅದೇ ಪ್ಲಾನಿನಲ್ಲಿ ನಡೆಯಿತು.

ಎರಡು ಹೆಸರು, ಎರಡು ದಾರಿ

ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ಈಗಿನ ರೂಟರುಗಳಲ್ಲಿ ಹೆಚ್ಚಿನವು ಒಂದೇ ಸಮಯಕ್ಕೆ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ವೇಗ ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರ ರೂಟರುಗಳೂ ಬ್ಲೂಟೂತ್ ಉಪಕರಣಗಳೂ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ತರಂಗದಲ್ಲಿ ನುಗ್ಗಾಡುತ್ತಿರುತ್ತವೆ. ಎರಡನೆಯದಕ್ಕೆ ವೇಗವಿದೆ, ಗೋಡೆ ಕಂಡರೆ ಸೊರಗುತ್ತದೆ. ರೂಟರಿನ ಹೆಸರಿನ ಕೊನೆಯಲ್ಲಿ ‘5ಜಿ’ ಎಂದು ಬರೆದಿರುವುದನ್ನು ನೋಡಿ ಹಲವರು ಅದನ್ನು ಮೊಬೈಲಿನ 5ಜಿ ಎಂದೇ ತಿಳಿಯುತ್ತಾರೆ. ಅಲ್ಲ, ಅದು 5 ಗಿಗಾಹರ್ಟ್ಸ್ ಎಂಬುದರ ಗುರುತು ಮಾತ್ರ.

ಕಡಿಮೆ ಬೆಲೆಯ ಮತ್ತು ಹಳೆಯ ಟಿವಿಗಳಲ್ಲಿ ಹಲವಕ್ಕೆ 2.4 ಮಾತ್ರ ಗೊತ್ತು. ಅಂಥ ಟಿವಿಯಲ್ಲಿ ಎಷ್ಟು ಹುಡುಕಿದರೂ ‘5ಜಿ’ ಹೆಸರು ಕಾಣುವುದಿಲ್ಲ. ಅದು ಕೆಟ್ಟಿರುವುದರ ಲಕ್ಷಣವಲ್ಲ. ಎರಡಕ್ಕೂ ಹೊಂದುವ ಟಿವಿಗಳಲ್ಲಿ ಬೇರೊಂದು ತೊಡಕಿದೆ. ರೂಟರ್ ಎರಡೂ ತರಂಗಗಳಿಗೆ ಒಂದೇ ಹೆಸರಿಟ್ಟು, ಯಾವ ಉಪಕರಣ ಯಾವುದಕ್ಕೆ ಸೇರಬೇಕೆಂದು ತಾನೇ ನಿರ್ಧರಿಸುವ ವ್ಯವಸ್ಥೆಯೊಂದು ಬಂದಿದೆ. ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ ಎಂಬ ಹೆಸರಿನಲ್ಲಿ ಅದು ಮೊದಲೇ ಚಾಲೂ ಇರಬಹುದು. ಮನೆಯೆಲ್ಲ ಓಡಾಡುವ ಫೋನಿಗೆ ಅದು ಒಳ್ಳೆಯದೇ. ಗೋಡೆಯಲ್ಲಿ ಕೂತಿರುವ ಟಿವಿಗೆ ಅದರಿಂದ ಉಪಕಾರವೇನೂ ಇಲ್ಲ, ಬದಲಿಗೆ ಧಾರಾವಾಹಿಯ ನಡುವೆ ಅತ್ತಿಂದಿತ್ತ ತಳ್ಳಿಸಿಕೊಳ್ಳುವ ಕಾಟ.

ಆದ್ದರಿಂದ ನನ್ನ ಸಲಹೆ ಖಚಿತವಾಗಿದೆ: ಎರಡಕ್ಕೂ ಬೇರೆ ಬೇರೆ ಹೆಸರಿಡಿ. ರೂಟರಿನ ತಳದ ಚೀಟಿಯಲ್ಲಿ 192.168.1.1 ಎಂಬಂಥ ವಿಳಾಸ, ಬಳಕೆದಾರರ ಹೆಸರು ಮತ್ತು ಒಂದು ಪಾಸ್‌ವರ್ಡ್ ಇರುತ್ತವೆ. ಮನೆಯ ವೈ-ಫೈಗೆ ಸೇರಿರುವ ಫೋನಿನ ಬ್ರೌಸರಿನಲ್ಲಿ ಆ ವಿಳಾಸ ಬರೆದು ಒಳಹೋಗಿ, ‘ವೈರ್‌ಲೆಸ್’ ಎಂಬ ಭಾಗದಲ್ಲಿ ಹೆಸರುಗಳನ್ನು ಹುಡುಕಿ. ರೂಟರಿನ ಭಾಷೆಯಲ್ಲಿ ಹೆಸರಿಗೆ ‘ಎಸ್‌ಎಸ್‌ಐಡಿ’ ಎನ್ನುತ್ತಾರೆ. ಕೆಲವು ಕಂಪನಿಗಳು ಈ ಕೆಲಸಕ್ಕೆಂದೇ ತಮ್ಮ ಆ್ಯಪ್ ಕೊಟ್ಟಿವೆ, ಅದರಲ್ಲಿಯೂ ಮಾಡಬಹುದು. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರಲಿ. ಮನೆಯ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡುವ ಆಸೆ ನನಗೂ ಇತ್ತು, ಆದರೆ ಕೆಲವು ಟಿವಿಗಳ ಪಟ್ಟಿಯಲ್ಲಿ ಅದು ಸಾಲು ಸಾಲು ಚೌಕಗಳಾಗಿ ಮಾತ್ರ ಕಾಣುತ್ತದೆ.

ಅದೇ ಪುಟದಲ್ಲಿ ಇನ್ನೆರಡು ವಿಷಯ ನೋಡಿಕೊಳ್ಳಿ. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ಪದ್ಧತಿ ಒಂದೇ ಆಯ್ಕೆಯಾಗಿದ್ದರೆ ಹಳೆಯ ಟಿವಿಗಳು ಸೇರಲಾರವು, ಮತ್ತು ಅವುಗಳಲ್ಲಿ ಕೆಲವು ಕಾರಣವನ್ನು ಸರಿಯಾಗಿ ಹೇಳದೆ ಪಾಸ್‌ವರ್ಡ್ ತಪ್ಪೆಂದು ದೂರುತ್ತವೆ. ಅದರ ಹಿಂದಿನದಾದ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಸೇರಿರುವ ಆಯ್ಕೆಯನ್ನು ಇಡಿ. ಇನ್ನೊಂದು, ಚಾನೆಲ್ ಸಂಖ್ಯೆ. ಇದು ಟಿವಿಯ ಚಾನೆಲ್ ಅಲ್ಲ, ಆಯಾ ತರಂಗದೊಳಗಿನ ಒಂದೊಂದು ಓಣಿ. 2.4ರಲ್ಲಿ 1, 6, 11 ಇವು ಮೂರೇ ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಅವುಗಳಲ್ಲೊಂದು ಸಾಕು. 12 ಮತ್ತು 13 ಕೆಲವು ಉಪಕರಣಗಳಿಗೆ ಕಾಣುವುದೇ ಇಲ್ಲ. 5ರಲ್ಲಿ 36ರಿಂದ 48ರ ನಡುವಿನದೊಂದನ್ನು ಆರಿಸಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುವುದರಿಂದ, ರಾಡಾರ್ ಸುಳಿವು ಸಿಕ್ಕೊಡನೆ ರೂಟರ್ ಜಾಗ ಬಿಟ್ಟು ಬೇರೆ ಚಾನೆಲ್ಲಿಗೆ ಓಡಬೇಕೆಂಬ ನಿಯಮವಿದೆ. ಆ ಭಾಗವನ್ನು ನೋಡಲೂ ಒಲ್ಲದ ಟಿವಿಗಳಿವೆ. ನಿನ್ನೆ ಇದ್ದ ಹೆಸರು ಇವತ್ತು ಟಿವಿಯಲ್ಲಿ ಮಾಯವಾಗಿ, ಫೋನಿನಲ್ಲಿ ಮಾತ್ರ ಕಾಣುತ್ತಿದ್ದರೆ ಈ ಸಂಖ್ಯೆಯ ಮೇಲೆ ಅನುಮಾನಪಡಿ.

ಯಾವುದಕ್ಕೆ ಸೇರಿಸಬೇಕು? ರೂಟರ್ ಮತ್ತು ಟಿವಿ ಒಂದೇ ಕೋಣೆಯಲ್ಲಿದ್ದರೆ ಅಥವಾ ನಡುವೆ ಒಂದೇ ಇಟ್ಟಿಗೆ ಗೋಡೆಯಿದ್ದರೆ 5. ಅದಕ್ಕಿಂತ ಹೆಚ್ಚು ಅಡ್ಡಿಯಿದ್ದರೆ 2.4. ತಡೆಯಿಲ್ಲದೆ ಬರುವ 20 ಎಂಬಿಪಿಎಸ್‌ನಲ್ಲಿ 4ಕೆ ಸಿನಿಮಾ ಸಲೀಸಾಗಿ ನಡೆಯುತ್ತದೆ. ಒಮ್ಮೆ 200 ಮುಟ್ಟಿ ಮರುಕ್ಷಣ ಸೊನ್ನೆಗಿಳಿಯುವ ಸಂಪರ್ಕದಲ್ಲಿ ಹಾಡೊಂದೂ ನೆಟ್ಟಗೆ ಮುಗಿಯುವುದಿಲ್ಲ.

ಇನ್ನು ರಿಮೋಟ್

ಟಿವಿಯ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಎಂಬಲ್ಲಿಗೆ ಹೋಗಿ, ವೈ-ಫೈ ಅಥವಾ ವೈರ್‌ಲೆಸ್ ಆರಿಸಿ, ಪಟ್ಟಿಯಲ್ಲಿ ನಿಮ್ಮ ಹೆಸರಿನ ಮೇಲೆ ಒತ್ತಿ. ಗೂಗಲ್ ಟಿವಿ, ಸ್ಯಾಮ್‌ಸಂಗ್, ಎಲ್‌ಜಿ ಎಲ್ಲದರಲ್ಲಿಯೂ ದಾರಿ ಹೆಚ್ಚುಕಡಿಮೆ ಇದೇ.

ಪಾಸ್‌ವರ್ಡ್ ಬರೆಯುವಾಗ ಮಾತ್ರ ಅವಸರ ಬೇಡ. ಟಿವಿಯ ಪರದೆಯ ಮೇಲೆ ಮೂಡುವ ಕೀಲಿಮಣೆ ಸಣ್ಣಕ್ಷರದಲ್ಲಿ ಶುರುವಾಗುತ್ತದೆ. ದೊಡ್ಡಕ್ಷರಕ್ಕೆ ಮೇಲ್ಮುಖದ ಬಾಣ ಒತ್ತಬೇಕು, ಒಂದು ಅಕ್ಷರ ಬಿದ್ದೊಡನೆ ಅದು ಮತ್ತೆ ಸಣ್ಣಕ್ಕೆ ಇಳಿಯುತ್ತದೆಯೋ ದೊಡ್ಡದಾಗಿಯೇ ನಿಲ್ಲುತ್ತದೆಯೋ ಎಂಬುದು ಟಿವಿಯಿಂದ ಟಿವಿಗೆ ಬೇರೆ. @, # ಮೊದಲಾದ ಚಿಹ್ನೆಗಳು ಇನ್ನೊಂದು ಪುಟದಲ್ಲಿ ಅಡಗಿರುತ್ತವೆ. ಬರೆದದ್ದು ಚುಕ್ಕಿಗಳಾಗಿ ಕಾಣುತ್ತಿದ್ದರೆ ‘ಪಾಸ್‌ವರ್ಡ್ ತೋರಿಸು’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿಬಿಡಿ, ನಿಮ್ಮ ನಡುಮನೆಯಲ್ಲಿ ಕದ್ದು ನೋಡುವವರು ಯಾರಿದ್ದಾರೆ? ರೂಟರಿನ ಚೀಟಿ ನೋಡಿ ಬರೆಯುವವರು ಸೊನ್ನೆ ಮತ್ತು ಇಂಗ್ಲಿಷಿನ ‘ಓ’, ಒಂದು ಮತ್ತು ಸಣ್ಣ ‘ಎಲ್’ ಮತ್ತು ದೊಡ್ಡ ‘ಐ’, ಎಂಟು ಮತ್ತು ದೊಡ್ಡ ‘ಬಿ’ ಇವುಗಳಲ್ಲಿ ಮೋಸಹೋಗುತ್ತಾರೆ. ಚೀಟಿಯ ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದರೆ ‘ದೊಡ್ಡದು’, ‘ಸಣ್ಣದು’ ಎಂದು ಪ್ರತಿ ಅಕ್ಷರಕ್ಕೂ ಸೇರಿಸಿ ಹೇಳಲಿ. ನಾನು ಕಂಡ ‘ಕೆಟ್ಟ ಟಿವಿ’ಗಳಲ್ಲಿ ಹೆಚ್ಚಿನವು ಒಂದು ದೊಡ್ಡಕ್ಷರದಿಂದ ಕೆಟ್ಟವು.

ಇದಕ್ಕೊಂದು ಒಳದಾರಿಯಿದೆ. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ ಕೀಲಿಮಣೆಯನ್ನು ಟಿವಿಯ ಹಿಂದಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ. ಬಹುತೇಕ ಸ್ಮಾರ್ಟ್ ಟಿವಿಗಳು ಅದನ್ನು ತಕ್ಷಣ ಗುರುತಿಸುತ್ತವೆ. ಫೋನಿನಲ್ಲಿ ರಿಮೋಟ್ ಆ್ಯಪ್ ಹಾಕಿಕೊಂಡು ಬರೆಯಿರಿ ಎಂದು ಸಲಹೆ ಕೊಡುವವರಿದ್ದಾರೆ, ಆದರೆ ಅಂಥ ಆ್ಯಪ್‌ಗಳು ಸಾಮಾನ್ಯವಾಗಿ ನಡೆಯುವುದು ಟಿವಿ ವೈ-ಫೈಗೆ ಸೇರಿದ ಮೇಲೆ. ಡಬ್ಲ್ಯುಪಿಎಸ್ ಎಂಬ ಗುಂಡಿ ಒತ್ತಿದರೆ ಪಾಸ್‌ವರ್ಡ್ ಬೇಡವೇ ಬೇಡ ಎನ್ನುವವರೂ ಸಿಗುತ್ತಾರೆ. ಗುಂಡಿಯ ಬದಲು ಅಂಕೆಗಳನ್ನು ಬರೆದು ಸೇರುವ ಅದರ ಪಿನ್ ಪದ್ಧತಿಯ ದೌರ್ಬಲ್ಯ 2011ರಲ್ಲಿಯೇ ಬಯಲಾಗಿದೆ. ನಾನು ಹೋದ ಮನೆಗಳಲ್ಲೆಲ್ಲ ಡಬ್ಲ್ಯುಪಿಎಸ್ ನಿಲ್ಲಿಸಿಯೇ ಬಂದಿದ್ದೇನೆ. ಕಷ್ಟದ ಪಾಸ್‌ವರ್ಡನ್ನೇ ಬದಲಿಸುವುದು ಮೇಲು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒಟ್ಟಿಗೆ ಬರೆದು ಕೊನೆಗೆ ಎರಡು ಅಂಕೆ ಸೇರಿಸಿದರೆ ರಿಮೋಟಿನಲ್ಲಿ ಬರೆಯುವುದು ಸುಲಭ, ಊಹಿಸುವುದು ಕಷ್ಟ. ಬದಲಿಸಿದ ದಿನ ಮನೆಯ ಎಲ್ಲ ಫೋನುಗಳಿಗೂ ಹೊಸದನ್ನು ಹಾಕಬೇಕಾಗುತ್ತದೆ ಎಂಬುದು ನೆನಪಿರಲಿ.

ಸೇರಿತು, ಆದರೆ ಏನೂ ಬರುತ್ತಿಲ್ಲ

‘ಕನೆಕ್ಟೆಡ್’ ಎಂದು ಬರೆದುಕೊಂಡೂ ಯೂಟ್ಯೂಬ್ ತೆರೆಯದಿದ್ದರೆ ಮೊದಲು ರೂಟರಿನ ದೀಪ ನೋಡಿ. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಹೊತ್ತಿದ್ದರೆ ಹೊರಗಿನಿಂದ ಬರುವ ಎಳೆಯಲ್ಲಿಯೇ ತೊಂದರೆಯಿದೆ, ಟಿವಿಯನ್ನು ಬಿಟ್ಟುಬಿಡಿ. ಫೋನಿನಲ್ಲಿ ಇಂಟರ್‌ನೆಟ್ ಇದ್ದು ಟಿವಿಯಲ್ಲಿ ಇಲ್ಲವಾದರೆ ಟಿವಿಯ ದಿನಾಂಕ ನೋಡಿ. ದಿನಾಂಕ ವರ್ಷಗಟ್ಟಲೆ ಹಿಂದಿದ್ದರೆ ಸುರಕ್ಷಿತ ತಾಣಗಳ ಪ್ರಮಾಣಪತ್ರಗಳು ಅದರ ಲೆಕ್ಕಕ್ಕೆ ಸುಳ್ಳಾಗಿ ಕಾಣುತ್ತವೆ, ಆ್ಯಪ್‌ಗಳು ಬಾಯಿ ಬಿಡುವುದಿಲ್ಲ. ಸ್ವಯಂಚಾಲಿತ ಸಮಯವನ್ನು ತೆಗೆದು, ಇವತ್ತಿನ ದಿನಾಂಕವನ್ನೂ ಭಾರತದ ಸಮಯವನ್ನೂ ಕೈಯಾರೆ ಹಾಕಿ, ಸಂಪರ್ಕ ಸಿಕ್ಕ ಮೇಲೆ ಮತ್ತೆ ಸ್ವಯಂಚಾಲಿತಕ್ಕೆ ಮರಳಿಸಿ.

ಅದೂ ಸರಿಯಿದ್ದರೆ ನೆಟ್‌ವರ್ಕ್ ವಿವರದಲ್ಲಿ ಐಪಿ ವಿಳಾಸ, ಅಂದರೆ ರೂಟರ್ ಪ್ರತಿ ಉಪಕರಣಕ್ಕೂ ಕೊಡುವ ಸಂಖ್ಯೆ ನೋಡಿ. 169.254 ಎಂದು ಶುರುವಾಗಿದ್ದರೆ ರೂಟರ್ ಟಿವಿಗೆ ವಿಳಾಸ ಕೊಟ್ಟೇ ಇಲ್ಲ ಎಂದರ್ಥ. ರೂಟರನ್ನು ಸ್ವಿಚ್ಚಿನಲ್ಲಿ ಆರಿಸಿ, ಹೊತ್ತಿಸಿ, ಮೂರು ನಿಮಿಷ ಕಾದು, ಅನಂತರ ಟಿವಿಯನ್ನು ಗೋಡೆಯ ಸ್ವಿಚ್ಚಿನಲ್ಲಿ ಒಂದು ನಿಮಿಷ ಆರಿಸಿಡಿ. ರಿಮೋಟಿನಲ್ಲಿ ಆರಿಸಿದರೆ ಟಿವಿ ಕಣ್ಣು ಮುಚ್ಚಿ ಎಚ್ಚರವಾಗಿಯೇ ಇರುತ್ತದೆ, ಅದು ಲೆಕ್ಕಕ್ಕಿಲ್ಲ. ಆಮೇಲೂ ಆಗದಿದ್ದರೆ ಫೋನಿನ ಹಾಟ್‌ಸ್ಪಾಟನ್ನು 2.4ರಲ್ಲಿ ಹಾಕಿ ಟಿವಿಯನ್ನು ಅದಕ್ಕೆ ಸೇರಿಸಿ ನೋಡಿ. ಐಫೋನಿನಲ್ಲಿ ಇದಕ್ಕೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಆಯ್ಕೆಯಿದೆ. ಹಾಟ್‌ಸ್ಪಾಟಿನಲ್ಲಿ ನಡೆದರೆ ಟಿವಿ ಸರಿಯಿದೆ, ಅಂಗಡಿಯವರೊಂದಿಗೆ ಜಗಳ ಬೇಡ.

ಟಿವಿ ಚೆನ್ನಾಗಿ ನಡೆಯುತ್ತಿದ್ದು ಫೋನಿನ ಚಿತ್ರ ಮಾತ್ರ ಅದಕ್ಕೆ ಹೋಗುತ್ತಿಲ್ಲವೆಂದರೆ ಎರಡರಲ್ಲಿ ಒಂದು ಅತಿಥಿಗಳ ನೆಟ್‌ವರ್ಕಿಗೆ ಸೇರಿರಬಹುದು. ಅತಿಥಿ ನೆಟ್‌ವರ್ಕಿನ ಉಪಕರಣಗಳು ಮನೆಯ ಇತರ ಉಪಕರಣಗಳನ್ನು ಕಾಣದಂತೆ ರೂಟರ್ ಬೇಲಿ ಹಾಕಿರುತ್ತದೆ.

ದೂರದ ಕೋಣೆಗೆ ವೈ-ಫೈ ಒಯ್ಯಲೆಂದು ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಎಕ್ಸ್‌ಟೆಂಡರ್‌ಗಳನ್ನು ಕೊಳ್ಳಬೇಡಿ. ಒಂದೇ ತರಂಗದಲ್ಲಿ ಕೇಳಿ ಅದರಲ್ಲಿಯೇ ಮರುಪ್ರಸಾರ ಮಾಡುವ ಅವು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಆ ದುಡ್ಡಿನಲ್ಲಿ ಕ್ಯಾಟ್ 6 ಎಂಬ ನೆಟ್‌ವರ್ಕ್ ವೈರು ತಂದು ರೂಟರಿನಿಂದ ಟಿವಿಯವರೆಗೆ ಗೋಡೆಯಂಚಿನಲ್ಲಿ ಎಳೆಸಿ, 100 ಮೀಟರಿನವರೆಗೆ ಚಿಂತೆಯಿಲ್ಲ. ವೈರಿನಲ್ಲಿ ವೇಗ ಅಳೆದಾಗ 94 ಎಂಬಿಪಿಎಸ್ ಆಸುಪಾಸಿನಲ್ಲಿಯೇ ನಿಂತರೆ ಗಾಬರಿಯಾಗಬೇಡಿ: ದುಬಾರಿ ಟಿವಿಗಳಲ್ಲಿ ಕೂಡ ಆ ವೈರು ಸಿಕ್ಕಿಸುವ ಕಿಂಡಿ 100 ಎಂಬಿಪಿಎಸ್‌ನದೇ ಆಗಿರುವುದುಂಟು, ಸಿನಿಮಾಕ್ಕೆ ಅಷ್ಟು ಧಾರಾಳ. ಕರೆಂಟ್ ಹೋದಾಗ ಟಿವಿ ಇನ್ವರ್ಟರಿನಲ್ಲಿ ನಡೆಯುತ್ತಿದ್ದು ರೂಟರಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇಲ್ಲದಿರುವುದನ್ನೂ ಹಲವು ಮನೆಗಳಲ್ಲಿ ಕಂಡಿದ್ದೇನೆ, ಒಮ್ಮೆ ಪರೀಕ್ಷಿಸಿಕೊಳ್ಳಿ.

ಸಂಪರ್ಕ ಸಿಕ್ಕೊಡನೆ ಟಿವಿ ಸಾಫ್ಟ್‌ವೇರ್ ಅಪ್‌ಡೇಟ್ ಕೇಳುತ್ತದೆ. ಸಿನಿಮಾ ನೋಡುವ ಆತುರದಲ್ಲಿ ಅದನ್ನು ಮುಂದೂಡದೆ ಆಗಲೇ ಒಪ್ಪಿಗೆ ಕೊಡಿ, ಮತ್ತು ಅಪ್‌ಡೇಟ್ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪೂರ್ತಿ ತುಂಬಿ ಟಿವಿ ತಾನಾಗಿ ಆರಿ ಹೊತ್ತಿಕೊಳ್ಳುವವರೆಗೆ ಗೋಡೆಯ ಸ್ವಿಚ್ಚನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ.